ಕೆಳಗಿನಿಂದ ಒಂದು

ಬುತ್ತಿಯ ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸಿ ಕೊಂಡಿ ಸಿಗಿಸುತ್ತ ನೀಲಾ, "ಒಂದನೇದ್ರಾಗ ಮೊಸರು ಐತಿ, ಬಸ್ಸಿನ್ಯಾಗ ಅಡ್ಡ ಹಿಡೀಬ್ಯಾಡ್ರಿ ಮತ್ತ" ಅಂದಳು. ಬೂಟಿನ ಲೇಸು ಕಟ್ಟುತ್ತಿದ್ದ ಬೂದೆಪ್ಪ ತಲೆ ಎತ್ತದೆ, "ಒಂದನೇದು ಅಂದ್ರ ಮ್ಯಾಲಿಂದೋ ಕೆಳಗಿಂದೋ?" ಎಂದು ಕೇಳಿದ. "ಮ್ಯಾಲಿಂದು. ಕೆಳಗಿನಿಂದ ಯಾರರ ಎಣಸ್ತಾರೇನ್ರಿ?" ಎಂದು ಅವಳು ನಕ್ಕು ಒಳಗೆ ಹೋದಳು.

ಲೇಸಿನ ಎರಡು ತುದಿಗಳು ಅವನ ಎರಡು ಕೈಯಲ್ಲಿ ಹಾಗೇ ಉಳಿದವು. ಕೆಳಗಿನಿಂದ ಎಣಿಸುವವನು ಈ ಮನೆಯಲ್ಲೇ ಒಬ್ಬನಿದ್ದಾನೆಂದು ಅವಳಿಗೆ ಹೇಗೆ ಗೊತ್ತಾಗಬೇಕು. ನಾಚಾರಂನ ಶೆಡ್ಡಿನಲ್ಲಿ ಹದಿನೆಂಟು ವರ್ಷ ಅವನು ಮಾಡಿದ್ದು ಅದೇ. ನೀರೆತ್ತುವ ದೊಡ್ಡ ಪಂಪುಗಳ ಮೋಟಾರಿಗೆ ಆರು ಸಾವಿರದ ಆರುನೂರು ವೋಲ್ಟು ಬೇಕು; ಅದು ಬೇಕಾದ ವೇಗದಲ್ಲಿ ತಿರುಗಬೇಕೆಂದರೆ ಬರುವ ಕರೆಂಟನ್ನು ಮುರಿದು ಹೊಸದಾಗಿ ಕಟ್ಟಿಕೊಡುವ ಡ್ರೈವ್ ಬೇಕು. ಅಷ್ಟು ವೋಲ್ಟನ್ನು ಒಬ್ಬಂಟಿಯಾಗಿ ತಡೆಯುವ ಬಿಡಿಭಾಗ ಸಿಗುವುದಿಲ್ಲವೆಂದು, ಸೆಲ್ ಎಂದು ಕರೆಯುವ ಕಬ್ಬಿಣದ ಪೆಟ್ಟಿಗೆಗಳನ್ನು ಆರಾರು ಮಾಡಿ ಒಂದರ ಮೇಲೊಂದು ಜೋಡಿಸುತ್ತಾರೆ. ಒಂದೊಂದು ಸೆಲ್ಲು ಒಂದೊಂದು ಮೆಟ್ಟಿಲಿನಷ್ಟು ವೋಲ್ಟು ಕೊಡುತ್ತದೆ. ಮೆಟ್ಟಿಲು ಹೆಚ್ಚಿದಷ್ಟೂ ಅಲೆ ನುಣುಪಾಗಿ ಮೋಟಾರು ಒದ್ದಾಡದೆ ತಿರುಗುತ್ತದೆ. ಎ, ಬಿ, ಸಿ ಎಂದು ಮೂರು ಸಾಲು, ಒಟ್ಟು ಹದಿನೆಂಟು ಸೆಲ್ಲು. ಒಂದೊಂದೂ ನಲವತ್ತು ಕಿಲೋ. ಎತ್ತಿ ಕೂರಿಸುವವನಿಗೆ ಕೆಳಗಿನದೇ ಮೊದಲು, ಬೇರೆ ದಾರಿಯಿಲ್ಲ. ಹಾಗಾಗಿ ಆ ಶೆಡ್ಡಿನಲ್ಲಿ ಒಂದನೆಯದೆಂದರೆ ಯಾವತ್ತೂ ಕೆಳಗಿನದು, ಆರನೆಯದೆಂದರೆ ಏಣಿ ಹತ್ತಿ ಮುಟ್ಟುವಂಥದ್ದು. ಈ ಒಂದು ಡ್ರೈವಿನಲ್ಲಿ ಮಾತ್ರ ಹಾಗಲ್ಲ. ಈ ಡ್ರೈವಿನ ನಕಾಶೆಯನ್ನು ಬಿಡಿಸಿದ ಹುಡುಗಿ ಒಂದನೆಯದನ್ನು ಮೇಲೆ ಇಟ್ಟಿದ್ದಾಳೆ.

ಗೊತ್ತಿತ್ತು. ಗೊತ್ತಿದ್ದು, ಮೇಲಿನಿಂದ ಎಣಿಸಿಯೇ ಮಾಡಿದ್ದ. ಹಾಗೆಂದುಕೊಂಡೇ ಅವನು ಲೇಸು ಬಿಗಿದ; ಅದು ಬೇಕಾದ್ದಕ್ಕಿಂತ ಬಿಗಿಯಾಯಿತು.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಿಂದ ಬಸ್‌ಸ್ಟಾಪಿಗೆ ನಡೆಯುವಾಗ ದಿನವೂ ಅವನಿಗೆ ಏನೂ ಕಾಣುತ್ತಿರಲಿಲ್ಲ. ಇವತ್ತು ಎಲ್ಲ ಕಂಡಿತು. ಲಾಡ್ಜಿನ ಗೋಡೆಯ ಮೇಲೆ ಮಹಡಿಗಳಿಗೆ ನಂಬರು ಬರೆದಿದ್ದರು, ಅವು ಕೆಳಗಿನಿಂದಲೇ ಇದ್ದವು. ನೋಡು, ಮನೆ ಕಟ್ಟುವವರೂ ಕೆಳಗಿನಿಂದಲೇ ಎಣಿಸುತ್ತಾರೆ ಎಂದು ಒಳಗೊಳಗೆ ನೀಲಾಳಿಗೆ ಹೇಳಿದ. ಪಕ್ಕದ ಹೋಟೆಲಿನ ಕರಿಹಲಗೆಯಲ್ಲಿ ತಿಂಡಿಗಳ ಹೆಸರು ಮೇಲಿನಿಂದ ಶುರುವಾಗಿದ್ದವು, ಇಡ್ಲಿ ಒಂದು, ವಡೆ ಎರಡು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬುತ್ತಿಯನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದವನು ತನ್ನ ಕೈಯನ್ನೇ ನೋಡುತ್ತಿದ್ದಾನೆ ಅನಿಸಿ ಕೆಳಗೆ ನೋಡಿದರೆ, ಎಡಗೈ ಏನನ್ನೋ ಗೊಂಚಲಿನಂತೆ ಹಿಡಿದುಕೊಂಡಿತ್ತು, ಬಲಗೈ ಅದರಿಂದ ಒಂದೊಂದನ್ನೇ ಎಳೆದು ಗಾಳಿಯಲ್ಲಿ ಸಿಕ್ಕಿಸುತ್ತಿತ್ತು. ಬಲಗೈ ಮೊದಲು ಹೋದದ್ದು ಕೆಳಕ್ಕೆ, ಮೊಣಕಾಲಿನ ಕಡೆಗೆ. ಅವನು ಎರಡೂ ಕೈಗಳನ್ನು ಬುತ್ತಿಯ ಹಿಡಿಕೆಗೆ ಸುತ್ತಿ ಕೂತ.

ಈ ಡ್ರೈವಿನ ಸಿ ಸಾಲಿಗೆ ಎಳೆ ಹಾಕುವ ದಿನ ಜಯಮ್ಮ ರಜೆಯಲ್ಲಿದ್ದಳು. ಎಳೆ ಹಾಕುವ ಕೆಲಸ ಅವಳದು. ಡ್ರೈವಿನ ತಲೆ, ಅಂದರೆ ಕಂಟ್ರೋಲರು, ಪ್ರತಿಯೊಂದು ಸೆಲ್ಲಿನ ಜೊತೆ ಮಾತಾಡುವುದು ಬೆಳಕಿನಿಂದ. ತೆಳ್ಳಗಿನ ಫೈಬರ್ ಎಳೆಗಳು ಪೈಪಿನೊಳಗಿಂದ ಹಾದು ಸೆಲ್ಲಿನ ಮುಖಕ್ಕೆ ಸಿಕ್ಕಿಕೊಳ್ಳುತ್ತವೆ. ಎ ಸಾಲು, ಬಿ ಸಾಲು ಮುಗಿಸಿ ಜಯಮ್ಮ ಮದುವೆಗೆಂದು ರಾಯಚೂರಿಗೆ ಹೋಗಿದ್ದಳು. ಸಿ ಸಾಲನ್ನು ಬೂದೆಪ್ಪನೇ ಹಾಕಿದ. ಎಳೆಯ ತುದಿಗೆ ಚೀಟಿ ಕಟ್ಟಿದರೆ ಪೈಪಿನಲ್ಲಿ ತೂರುವುದಿಲ್ಲ. ಆದ್ದರಿಂದ ಬರಿಯ ತುದಿಗಳನ್ನು ಒಂದರಿಂದ ಆರರ ಕ್ರಮದಲ್ಲಿ ಎಳೆದುಕೊಂಡು, ಸೆಲ್ಲಿಗೆ ಸಿಕ್ಕಿಸಿ, ಆಮೇಲೆ ಸೆಲ್ಲಿನ ಮೇಲಿರುವ ನಂಬರು ನೋಡಿ ಅದೇ ನಂಬರಿನ ಚೀಟಿ ಕಟ್ಟುವುದು ಆ ಶೆಡ್ಡಿನ ಪದ್ಧತಿ. ಆ ಪದ್ಧತಿ ತಂದವನೂ ಅವನೇ. ಹಾಗೆ ಮಾಡಿದರೆ ಚೀಟಿ ಯಾವತ್ತೂ ತಪ್ಪುವುದಿಲ್ಲ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಚೀಟಿ ತಪ್ಪುವುದಿಲ್ಲ ನಿಜ. ಎಳೆಯೇ ತಪ್ಪಿದ್ದರೂ ಚೀಟಿ ತಪ್ಪುವುದಿಲ್ಲ ಎಂಬುದು ಇವತ್ತು ಬೆಳಿಗ್ಗೆ ಮೊದಲ ಸಲ ಹೊಳೆದಿತ್ತು.

ಆ ಹೊತ್ತು ನೆನಪಾಗಲಿ ಎಂದು ಅವನು ಕಣ್ಣು ಮುಚ್ಚಿದ. ಬೆನ್ನಿಗೆ ಬಡಿಯುತ್ತಿದ್ದ ನೆಲದ ಫ್ಯಾನಿನ ಗಾಳಿ ನೆನಪಾಯಿತು. ಯಾರೋ ಮಿರ್ಚಿ ಬಜ್ಜಿ ತಂದಿದ್ದರು, ಎಣ್ಣೆಗೈಯಲ್ಲಿ ಎಳೆ ಮುಟ್ಟಬಾರದೆಂದು ತಾನು ತಿನ್ನದೆ ಬಿಟ್ಟದ್ದು ನೆನಪಾಯಿತು. ತಿನ್ನದೆ ಬಿಟ್ಟ ಬಜ್ಜಿ ನೆನಪಿದೆ, ಸಿಕ್ಕಿಸಿದ ಎಳೆ ನೆನಪಿಲ್ಲ. ಮೊದಲನೆಯ ಎಳೆಗೆ ಏಣಿ ಹತ್ತಿದೆನೋ, ಕುಕ್ಕರಗಾಲಿನಲ್ಲಿ ಕೂತೆನೋ? ಮಂಡಿ ನೋವಿತ್ತೇ? ಮಂಡಿ ದಿನವೂ ನೋಯುತ್ತದೆ. ಹದಿನೆಂಟು ವರ್ಷ ಮಾಡಿದ ಕೆಲಸವನ್ನು ಮನುಷ್ಯ ಮಾಡುವುದಿಲ್ಲ, ಅವನ ಕೈ ಮಾಡುತ್ತದೆ, ಅವನು ಬೇರೆಲ್ಲೋ ಇರುತ್ತಾನೆ. ಆ ಹೊತ್ತಿನಲ್ಲಿ ತಾನೆಲ್ಲಿದ್ದೆನೆಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂದು ಬೆಳಿಗ್ಗೆ ತಾನು ಆಡಿದ ಒಂದು ಮಾತನ್ನು ಮತ್ತೆ ಮತ್ತೆ ಸವಿಯುತ್ತಿದ್ದ.

ಲಹರಿ ಎಂಬ ಆ ಹುಡುಗಿ ಮೈಸೂರಿನವಳು, ಬಂದು ವರ್ಷವಾಗಿರಲಿಲ್ಲ. ಕೈಯಲ್ಲಿ ನಕಾಶೆ ಹಿಡಿದು ಎಲ್ಲರೆದುರಿಗೆ, "ಬೂದೆಪ್ಪನವರೇ, ಹೊಸ ಡ್ರಾಯಿಂಗ್ ನೋಡಿದ್ರಾ? ನಂಬರ್ ಮೇಲಿಂದ ಬಂದಿದೆ. ಸೈಟಲ್ಲಿರೋರು ಮೇಲಿಂದ ಓದ್ತಾರೆ, ಅದಕ್ಕೆ ಬದಲಾಯಿಸಿದೀವಿ" ಎಂದಿದ್ದಳು. ಮೆತ್ತಗೇ ಹೇಳಿದ್ದಳು. ಆದರೆ ಸುತ್ತ ಎಂಟು ಜನ ಇದ್ದರು. "ತಾಯಿ, ನೀವು ಅಂಗನವಾಡ್ಯಾಗ ಒಂದು ಎರಡು ಕಲಿಯೋ ಮುಂದ ನಾ ಇಲ್ಲಿ ಸೆಲ್ ಎಣಸಾಕತ್ತಿದ್ದೆ. ಎಲ್ಲಿಂದ ಎಣಸಬೇಕು ಅನ್ನೂದು ನನಗ ಬಿಡ್ರಿ" ಎಂದುಬಿಟ್ಟ. ಎಂಟೂ ಜನ ನಕ್ಕರು. ಹುಡುಗಿಯ ಕಿವಿ ಕೆಂಪಾದವು. ಅವಳು ನಕಾಶೆಯನ್ನು ನಾಲ್ಕು ಮಡಿಕೆ ಮಾಡಿ ಸೆಲ್ಲಿನ ಮೇಲಿಟ್ಟು ಹೋದಳು. ಆ ಮಡಿಕೆಯನ್ನು ಅವನು ಬಿಚ್ಚಿ ನೋಡಿದನೇ? ನೋಡಿರಬೇಕು.

ಅವನು ಶೆಡ್ಡು ತಲುಪುವ ಹೊತ್ತಿಗೆ ಡ್ರೈವಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದು ಅರ್ಧ ಮುಗಿದಿತ್ತು. ಏಳಡಿ ಎತ್ತರದ ಬೂದು ಬಣ್ಣದ ಕಪಾಟುಗಳು, ಬಾಗಿಲಿಗೆ ಅರಿಸಿನ ಕುಂಕುಮ, ಒಂದು ಎಳೆ ಚೆಂಡುಹೂವು, ಕೆಳಗೆ ಒಡೆದ ತೆಂಗಿನಕಾಯಿಯ ನೀರು ಇನ್ನೂ ಆರಿರಲಿಲ್ಲ. ಪೂಜೆ ಯಾವಾಗಲೂ ಬೂದೆಪ್ಪನದೇ. ಇವತ್ತು ಬಸ್ಸು ತಡವಾಯಿತೆಂದು ಮ್ಯಾನೇಜರು ರವಿಶಂಕರ್ ತಾವೇ ಮಾಡಿಬಿಟ್ಟಿದ್ದರು. ತೆಲುಗಿನವರಾದರೂ ಬಳ್ಳಾರಿಯಲ್ಲಿ ಓದಿದವರು, ಕನ್ನಡ ಸಲೀಸು. "ಏನ್ ಬೂದೆಪ್ಪಾ, ಇವತ್ತೇ ಲೇಟಾ? ಮಗಳ ಲಗ್ನದ ದಿನ ಅಪ್ಪ ಲೇಟ್ ಬಂದಂಗಾತು" ಎಂದರು. ಪಕ್ಕದಲ್ಲಿದ್ದವರಿಗೆ, "ಬೂದೆಪ್ಪನ ಪ್ಯಾನೆಲ್ ಇದುವರೆಗೂ ಒಂದೂ ವಾಪಸ್ ಬಂದಿಲ್ಲ, ತೆಲುಸಾ?" ಎಂದರು. ಈ ಮಾತನ್ನು ಅವರು ಪ್ರತಿ ಡ್ರೈವು ಹೊರಡುವಾಗಲೂ ಹೇಳುತ್ತಿದ್ದರು. ಪ್ರತಿ ಸಲವೂ ಬೂದೆಪ್ಪ, ಏನೋ ದೇವರ ದಯೆ ಎಂಬಂತೆ ಮುಖ ಮಾಡುತ್ತಿದ್ದ. ಇವತ್ತು ಮುಖಕ್ಕೆ ಅದು ಬರಲಿಲ್ಲ.

ಬರುವ ತಿಂಗಳು ಅವನಿಗೆ ಐವತ್ತೆಂಟು ತುಂಬುತ್ತದೆ. ನಿವೃತ್ತಿಯಾದ ಮೇಲೂ ಹೊಸಬರಿಗೆ ಕೆಲಸ ಕಲಿಸಲು ಇಟ್ಟುಕೊಳ್ಳುತ್ತೇವೆಂದು ರವಿಶಂಕರ್ ಹೇಳಿದ್ದರು. ಕಲಿಸುವವನೇ ತಪ್ಪಿದ ಎಂದರೆ? ಅದಕ್ಕಿಂತ ಮುಂಚೆ, ಆ ಎಂಟು ಜನ. ಅವರ ನಗು ಈಗ ಯಾವ ಕಡೆಗೆ ತಿರುಗುತ್ತದೆ ಎಂಬುದು ಅವನ ಕಿವಿಗೆ ಆಗಲೇ ಕೇಳುತ್ತಿತ್ತು. ಅವನು ಕಪಾಟಿನ ಪಕ್ಕಕ್ಕೆ ಹೋಗಿ, ಸಿ ಸಾಲು ಇರುವ ಬಾಗಿಲಿನ ಹತ್ತಿರ ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿದ. "ಚಾಚಾ, ಖರಾಬ್ ನಕ್ಕೋ ಕರೋ" ಎಂದು, ಕೆಡಿಸಬೇಡವೆಂಬಂತೆ, ಸುತ್ತುವವನು ಗದರಿದ. ಮೂರು ತಿಂಗಳ ಹಿಂದೆ ಸೇರಿದ ಗುತ್ತಿಗೆಯ ಆಳು. ಬೂದೆಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ತೆಗೆದುಕೊಂಡ ಮೇಲೆ, ಯಾಕೆ ತೆಗೆದುಕೊಂಡೆ, ಇದು ನನ್ನ ಪ್ಯಾನೆಲ್ ಅಂತ ಯಾಕೆ ಅನ್ನಲಿಲ್ಲ ಎಂದು ಬಹಳ ಹೊತ್ತು ಅಲ್ಲೇ ನಿಂತ.

ಪರೀಕ್ಷೆ ಪಾಸಾಗಿದೆಯಲ್ಲ, ಎಂದು ಅವನೊಳಗಿನ ಒಬ್ಬ ಹೇಳಿದ. ಗಿರಾಕಿಯ ಕಡೆಯ ಇನ್‌ಸ್ಪೆಕ್ಟರು ಎರಡು ದಿನ ಇದ್ದು, ಪರದೆಯ ಮೇಲೆ ಅಲೆ ನೋಡಿ, ತಲೆಯಾಡಿಸಿ ಸಹಿ ಮಾಡಿದ್ದಾರೆ. ಒಂದು ಎಳೆ ಕಿತ್ತು ತೋರಿಸಿ, ಯಾವ ಸೆಲ್ ಸತ್ತಿತೆಂದು ಪರದೆ ಸರಿಯಾಗಿ ಹೇಳುತ್ತದೋ ನೋಡೋಣ ಎಂದದ್ದೂ ಉಂಟು. ಬೂದೆಪ್ಪ ಕಿತ್ತದ್ದು ಎ ಸಾಲಿನದು, ಜಯಮ್ಮ ಹಾಕಿದ್ದು. ಸರಿಯಾಗಿ ಹೇಳಿತು. ಇನ್‌ಸ್ಪೆಕ್ಟರಿಗೆ ಊಟದ ಹೊತ್ತಾಗಿತ್ತು. ಪರೀಕ್ಷೆಯ ಹಾಳೆಯಲ್ಲಿ ಬಿ, ಸಿ ಎಂದು ಬರೆದಿದ್ದ ಎರಡು ಚೌಕಗಳಿಗೆ ಟಿಕ್ ಹಾಕಿದ್ದು ಬೂದೆಪ್ಪನೇ. ಅದು ಸುಳ್ಳೇನೂ ಅಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ, ಎಂದು ಅದೇ ಒಬ್ಬ ಹೇಳಿದ. ಅವನ ದನಿ ರವಿಶಂಕರರ ದನಿಯಂತೆಯೇ ಇತ್ತು.

ಹನ್ನೊಂದಕ್ಕೆ ಲಾರಿ ಬಂದು ಗೇಟಿನೊಳಗೆ ಹಿಂದುಹಿಂದಾಗಿ ಸರಿಯಿತು. ಊಟವಾದ ಮೇಲೆ ಕ್ರೇನು. ನದಿ ದಂಡೆಯ ಪಂಪ್‌ಹೌಸಿಗೆ ನಾಳೆ ಬೆಳಿಗ್ಗೆ ತಲುಪಬೇಕು. ಲಹರಿ ತನ್ನ ಮೇಜಿನ ಬಳಿ ಕಾಗದಗಳನ್ನು ಫೈಲಿಗೆ ಸೇರಿಸುತ್ತಿದ್ದಳು. ಅವನು ಅತ್ತ ಹೋದ, ನೀರಿನ ಕ್ಯಾನಿನ ಕಡೆ ತಿರುಗಿದ, ಬಾಯಾರಿಕೆಯಿಲ್ಲದೆ ಎರಡು ಲೋಟ ಕುಡಿದ, ಮತ್ತೆ ಬಂದ.

"ತಾಯಿ, ಒಂದು ಮಾತು. ಸುಮ್ನ ಕೇಳಾಕತ್ತೀನಿ. ಒಂದು ಸಾಲಿನ್ಯಾಗ ಎಳಿ ಅದಲುಬದಲು ಆದ್ವು ಅಂತಿಟ್ಕೋರಿ. ಒಂದರದು ಆರಕ್ಕ, ಎರಡರದು ಐದಕ್ಕ. ಏನಾಗತೈತಿ?"

ತಾನು ಕೇಳಿದ ಪ್ರಶ್ನೆ ತನ್ನನ್ನು ಎಷ್ಟು ಬೆತ್ತಲೆ ಮಾಡಿತೆಂದು ಕೇಳಿದ ಮೇಲೆ ತಿಳಿಯಿತು. ಆದರೆ ಹುಡುಗಿ ಪ್ರಶ್ನೆಯನ್ನಷ್ಟೇ ನೋಡಿದಳು. ಯಾರೂ ಅವಳನ್ನು ಅಲ್ಲಿ ಏನನ್ನೂ ಕೇಳುತ್ತಿರಲಿಲ್ಲ, ಕಣ್ಣು ಅರಳಿತು. "ಒಂದೇ ಸಾಲಲ್ಲಿ ಆದ್ರೆ ಮೋಟಾರಿಗೆ ಗೊತ್ತೇ ಆಗಲ್ಲ ಬೂದೆಪ್ಪನವರೇ. ಆರೂ ಸೆಲ್ಲಿನ ವೋಲ್ಟೇಜ್ ಕೂಡ್ಕೊಂಡೇ ಹೋಗೋದಲ್ವಾ? ಯಾವ್ದು ಮೊದ್ಲು ಕೂಡಿದ್ರೂ ಲೆಕ್ಕ ಅಷ್ಟೇ. ಅಲೆ ಚೂರೂ ಬದಲಾಗಲ್ಲ. ಒಂದು ಸೆಲ್ ಕೆಟ್ಟರೆ ಕಂಟ್ರೋಲರ್ ಅದನ್ನ ಬಿಟ್ಟು ಉಳಿದದ್ರಲ್ಲಿ ನಡೆಸುತ್ತೆ, ಅದೂ ಸರಿಯಾಗೇ ಆಗುತ್ತೆ."

"ಅಂದ್ರ ಏನೂ ತೊಂದ್ರಿ ಇಲ್ಲ."

"ಯಂತ್ರಕ್ಕಿಲ್ಲ" ಎಂದು ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಬಾಗಿಲು ತೆಗೆಯೋನಿಗೆ ಇದೆ. ಲೈನ್ ಆಫ್ ಮಾಡಿದ ಮೇಲೂ ಸೆಲ್ಲಲ್ಲಿ ಚಾರ್ಜ್ ಉಳ್ದಿರುತ್ತಲ್ಲ. ಯಾವ ಸೆಲ್ಲಲ್ಲಿ ಎಷ್ಟಿದೆ ಅಂತ ಅವನು ಪರದೆ ನೋಡ್ತಾನೆ. ಎರಡರಲ್ಲಿ ಇನ್ನೂ ಇದೆ, ಐದು ಖಾಲಿ ಅಂತ ಅದು ಹೇಳುತ್ತೆ. ಅವನು ಖಾಲಿ ಇರೋದಕ್ಕೆ ಕೈ ಹಾಕ್ತಾನೆ. ಆದ್ರೆ ತುಂಬಿರೋದು ಅದೇ." ಒಂದು ಕ್ಷಣ ಅವನನ್ನು ನೋಡಿ, "ಯಾಕೆ, ಎಲ್ಲಾದ್ರೂ ಹಾಗಾಗಿದ್ಯಾ?" ಎಂದಳು.

"ಇಲ್ಲ ಇಲ್ಲ. ಸುಮ್ನ" ಎಂದು ಬೂದೆಪ್ಪ ಹೊರಟ. ಮೂರು ಹೆಜ್ಜೆ ನಡೆದ ಮೇಲೆ, ಸುಮ್ಮನೆ ಎಂಬ ಪದವನ್ನು ತಾನು ಎರಡು ಸಲ ಹೇಳಿದೆನೆಂದು ನೆನೆದು ಕಿವಿ ಬಿಸಿಯಾಯಿತು.

ಕೈ ಹಾಕುವವನಿಗೆ ಅವನ ಮನಸ್ಸಿನಲ್ಲಿ ಒಂದು ಮುಖ ಇತ್ತು. ಬೇರೆಯದಾಗಿರಲಿ ಎಂದರೂ ಅದೇ ಬರುತ್ತಿತ್ತು. ಸೀತಾರಾಮ. ಶೆಡ್ಡಿನ ಮೂಲೆಯ ಸ್ಟೋರಿನ ಕಿಟಕಿಯಲ್ಲಿ ದಿನವೂ ಕಾಣುವ ಮುಖ. ಸ್ಪ್ಯಾನರು ಬೇಕೆಂದರೆ ಎಡಗೈಯಲ್ಲಿ ಕೊಡುತ್ತಿದ್ದ. ಎಡಗೈಯಲ್ಲಿ ಕೊಟ್ಟೆ, ತಪ್ಪು ತಿಳೀಬ್ಯಾಡ್ರಿ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದ. ಅವನ ಬಲಗೈಯಲ್ಲಿ ಮೂರು ಬೆರಳು. ಒಂಬತ್ತು ವರ್ಷದ ಹಿಂದೆ ಒಂದು ಪಂಪ್‌ಹೌಸಿನಲ್ಲಿ ಲೈನು ತೆಗೆದು ಬಾಗಿಲು ತೆರೆದು, ಶೆಡ್ಡಿಗೆ ಫೋನು ಮಾಡಿ ಕೇಳಿ, ಸೆಲ್ಲಿಗೆ ಕೈ ಹಾಕಿದ್ದ. ಫೋನು ಎತ್ತಿದವನು ಬೂದೆಪ್ಪ. ಬಾಗಿಲ ಮೇಲಿನ ಹಳದಿ ಚೀಟಿಯಲ್ಲಿ ಇಪ್ಪತ್ತು ನಿಮಿಷ ಕಾಯಬೇಕೆಂದು ಬರೆದಿರುತ್ತದೆ. ಹತ್ತು ನಿಮಿಷ ಸಾಕು ಎಂದು ಬೂದೆಪ್ಪ ಹೇಳಿದ್ದ. ಆಮೇಲೆ ವಿಚಾರಣೆಯಲ್ಲಿ, ಇಪ್ಪತ್ತು ಅಂದಿದ್ದೆ ಸರ್, ಎಂದ. ಕೈಗೆ ಬಟ್ಟೆ ಸುತ್ತಿಕೊಂಡು ಎದುರಿಗೆ ಕೂತಿದ್ದ ಸೀತಾರಾಮ ಅಲ್ಲ ಎನ್ನಲಿಲ್ಲ. ಹತ್ತನ್ನು ಇಪ್ಪತ್ತು ಮಾಡಿದ ಆ ಸುಳ್ಳನ್ನು ಬೂದೆಪ್ಪ ಒಂಬತ್ತು ವರ್ಷ ಒಳಗಿಟ್ಟುಕೊಂಡು ನಡೆದಿದ್ದ. ಎಷ್ಟೋ ಸಲ ಅದನ್ನು ತೂಗಿ ನೋಡಿ, ಹತ್ತು ನಿಮಿಷದ ತಪ್ಪು, ಅಷ್ಟೇ ಅಲ್ಲವೇ, ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದ.

ಊಟದ ಹೊತ್ತಿಗೆ ಅವನು ಎಲ್ಲರ ಜೊತೆ ಕೂರದೆ ಸ್ಟೋರಿಗೆ ಹೋದ. ಸೀತಾರಾಮ ಕಿಟಕಿಯ ಹಲಗೆಯ ಮೇಲೆ ಪೇಪರು ಹಾಸಿ ರೊಟ್ಟಿ ಬಿಚ್ಚಿದ್ದ. "ಬರ್ರಿ ಯಜಮಾನ್ರ, ಇವತ್ತೇನು ನಮ್ಮ ಹೋಟ್ಲು ನೆನಪಾತು? ಇಲ್ಲಿ ಉಪ್ಪಿನಕಾಯಿಗೂ ಸಹಿ ಮಾಡಿ ತಗೋಬೇಕ್ರಿ ಮತ್ತ" ಎಂದ. ಬೂದೆಪ್ಪ ಬುತ್ತಿ ಬಿಚ್ಚಿದ. ಮೇಲಿನ ಡಬ್ಬಿಯಲ್ಲಿ ಮೊಸರು. ಒಂದು ತುತ್ತು ಬಾಯಿಗಿಟ್ಟು ಅಗಿಯುತ್ತಲೇ ಇದ್ದ. ಸೀತಾರಾಮ ಮೂರು ಬೆರಳಿನಿಂದ ರೊಟ್ಟಿ ಮುರಿದು, ಪಲ್ಯ ಅದ್ದಿ, ಒಂದು ಚೂರೂ ಚೆಲ್ಲದೆ ತಿನ್ನುತ್ತಿದ್ದ. ಆ ಕೈಯನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಬೂದೆಪ್ಪ ಎಂದೂ ನೋಡಿರಲಿಲ್ಲ.

"ಸೀತಾರಾಮ, ಒಂದು ಹೇಳಬೇಕಾಗೈತಿ. ಅವತ್ತು ಫೋನ್‌ನ್ಯಾಗ ನಾ ಇಪ್ಪತ್ತು ನಿಮಿಷ ಅಂದಿರಲಿಲ್ಲ."

ಸೀತಾರಾಮ ತುತ್ತು ನುಂಗಿದ. ಆಶ್ಚರ್ಯವಾದಂತೆ ಕಾಣಲಿಲ್ಲ. "ಗೊತ್ತಲ್ರಿ."

"ಹತ್ತು ಅಂದಿದ್ದೆ. ಹತ್ತು ಸಾಕು ಅಂದಿದ್ದೆ."

"ಹತ್ತೂ ಅನ್ನಲಿಲ್ರಿ" ಎಂದ ಸೀತಾರಾಮ, ಯಾರೋ ಸ್ಕ್ರೂವಿನ ಅಳತೆ ತಪ್ಪು ಹೇಳಿದಾಗ ತಿದ್ದುವ ದನಿಯಲ್ಲಿ. "ನಿಮಿಷದ ಮಾತೇ ತಗೀಲಿಲ್ಲ ನೀವು. ಹಿಂದ ಟಿವಿ ಸಪ್ಪಳ ಬರಾಕತ್ತಿತ್ತು, ಕ್ರಿಕೆಟ್ ಇತ್ತಲ್ಲ ಅವತ್ತು, ಎಲ್ಲಾರೂ ಕೂಡಿ ಹೋ ಅಂದ್ರು. ನಾ ಕೇಳಿದೆ, ಕೈ ಹಾಕ್ಲೇನ್ರಿ ಅಂತ. ಆಗಿರ್ತೈತಿ, ಹಾಕಲೇ ಅಂದ್ರಿ. ಫೋನ್ ಇಟ್ರಿ."

ಬೂದೆಪ್ಪ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದ. ಟಿವಿ ಇತ್ತೇ? ಶೆಡ್ಡಿನಲ್ಲಿ ಆಗ ಟಿವಿ ಇತ್ತು, ಕ್ಯಾಂಟೀನಿನ ಗೋಡೆಗೆ, ಅದನ್ನು ತೆಗೆದು ಎಷ್ಟೋ ವರ್ಷವಾಯಿತು. ಆ ಹೋ ಎಂಬ ಕೂಗು ಈಗ ಎಲ್ಲಿಂದಲೋ ಕಿವಿಗೆ ಬಂತು. ಬಂದದ್ದೋ, ಸೀತಾರಾಮ ಹೇಳಿದ್ದಕ್ಕೆ ಹುಟ್ಟಿದ್ದೋ ತಿಳಿಯದು. ಹತ್ತು ನಿಮಿಷ ಸಾಕು ಎಂದು ಹೇಳಿದ ತನ್ನ ದನಿ, ಫೋನಿನ ಕರಿಯ ಹಿಡಿಕೆ, ಗೋಡೆಯ ಗಡಿಯಾರ ನೋಡಿ ಲೆಕ್ಕ ಹಾಕಿದ್ದು, ಎಲ್ಲ ಎಷ್ಟು ಸ್ಪಷ್ಟವಾಗಿ ನೆನಪಿತ್ತು! ಅದನ್ನು ಯಾರು ಮಾಡಿಟ್ಟರು? ತಪ್ಪು ಒಪ್ಪಿಕೊಳ್ಳುವುದಕ್ಕೆ ಯೋಗ್ಯವಾಗಿರಲಿ ಎಂದು ತಾನೇ ಅದಕ್ಕೊಂದು ಗಡಿಯಾರ ತೂಗುಹಾಕಿದ್ದನೇ? ಒಂಬತ್ತು ವರ್ಷ ಹೊತ್ತದ್ದು ತನ್ನ ತಪ್ಪನ್ನಲ್ಲ, ಅದರ ಜಾಗದಲ್ಲಿ ಮಾಡಿ ಕೂರಿಸಿದ ಚಿಕ್ಕದೊಂದು ತಪ್ಪನ್ನು.

"ಅವತ್ತು ಯಾಕ ಸುಮ್ನಿದ್ದಿ?"

"ಚೀಟಿ ನಾನೂ ಓದಿದ್ನಲ್ರಿ. ಬಾಗಿಲ ಮ್ಯಾಲೇ ಇತ್ತು" ಎಂದು ಸೀತಾರಾಮ ಪೇಪರನ್ನು ಮಡಚಿದ. "ಮತ್ತ ನಿಮಗ ಕೆಟ್ಟನಿಸಬಾರದು, ಅವತ್ತು ನಿಮ್ಮ ಮುಖ ನನ್ನ ಕೈಗಿಂತ ಹಾಳಾಗಿತ್ತು. ಉಣ್ರಿ, ಮೊಸರು ಬಿಸಿಲಿಗೆ ಹುಳಿ ಆಗತೈತಿ."

ಹೊರಗೆ ಕ್ರೇನಿನ ಸರಪಳಿ ಕಿರುಗುಟ್ಟಿತು. ಬೂದೆಪ್ಪ ಎದ್ದ. ಅಷ್ಟು ಸ್ಪಷ್ಟವಾದದ್ದೇ ಸುಳ್ಳಾದರೆ, ಏಣಿ ಹತ್ತಿದೆನೋ ಕುಕ್ಕರಗಾಲಿನಲ್ಲಿ ಕೂತೆನೋ ಎಂಬುದನ್ನು ಬೆಳಗಿನಿಂದ ತಾನು ಯಾರನ್ನು ಕೇಳುತ್ತಿದ್ದೇನೆ? ಒಳಗಿದ್ದವನು ತನಗೆ ಬೇಕಾದ್ದನ್ನೇ ಹೇಳುತ್ತಾನೆ. "ಕಪಾಟಿನ ಕೀ ಕೊಡು" ಎಂದ. "ಒಂದು ಬ್ಯಾಟರಿನೂ ಕೊಡು, ಸಣ್ಣದು, ಚೂಪು ಬೆಳಕಿಂದು." ಸೀತಾರಾಮ ಏನೂ ಕೇಳದೆ ಎಡಗೈಯಲ್ಲಿ ಎರಡನ್ನೂ ಕೊಟ್ಟ. ಸಹಿ ಪುಸ್ತಕ ಮುಂದಿಡಲಿಲ್ಲ.

ಕ್ರೇನಿನ ಕೊಕ್ಕೆ ಕಪಾಟಿನ ಮೇಲೆ ಒಂದು ಮೊಳದಷ್ಟು ದೂರದಲ್ಲಿ ತೂಗುತ್ತಿತ್ತು. ಬೂದೆಪ್ಪ ಅದರ ಕೆಳಗೆ ಹೋಗಿ ನಿಂತು ಕೈ ಅಡ್ಡ ಮಾಡಿದ. ಏನು ಹೇಳಬೇಕೆಂದು ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ; ಬಾಯಿಗೆ ಬಂದದ್ದು ಒಂದೇ, "ತಡೀರಿ." ರವಿಶಂಕರ್ ಕಿವಿಯಿಂದ ಫೋನು ತೆಗೆಯದೆಯೇ ಹುಬ್ಬಿನಲ್ಲಿ ಕೇಳಿದರು. "ಸಿ ಸಾಲು ನೋಡಬೇಕ್ರಿ. ಎಳಿ ತಿರುವುಮುರುವು ಆಗ್ಯಾವೇನೋ ಅಂತ ಸಂಶಯ ಐತಿ."

"ಯಾರಿಗೆ ಸಂಶಯ?" ರವಿಶಂಕರರ ಕಣ್ಣು ಲಹರಿಯನ್ನು ಹುಡುಕಿತು.

"ನನಗ್ರಿ. ಹಾಕಿದಾವ ನಾನು."

"ಏ ಬೂದೆಪ್ಪಾ! ಇನ್‌ಸ್ಪೆಕ್ಷನ್ ಆಗೈತಿ, ಪೂಜಾ ಆಗೈತಿ, ಲಾರಿ ನಿಂತೈತಿ. ಈಗ ಸಂಶಯಾನಾ? ನಿನ್ನ ಕೈ ಎಂದರ ತಪ್ಪಿದ್ದುಂಟಾ?"

ಇದಕ್ಕೆ ಉತ್ತರ ಮೂಲೆಯ ಕಿಟಕಿಯಲ್ಲಿತ್ತು. ಬೂದೆಪ್ಪ ಅದನ್ನು ಹೇಳದೆ, ಜೇಬಿನ ಚಾಕು ತೆಗೆದು ಪ್ಲಾಸ್ಟಿಕ್ಕನ್ನು ಮೇಲಿಂದ ಕೆಳಗಿನ ತನಕ ಸೀಳಿದ. ಸುತ್ತಿದ್ದ ಆಳು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಲಾರಿಯ ಡ್ರೈವರು ಕ್ಯಾಬಿನ್ನಿನಿಂದ, "ಚಾಚಾ, ಔರ್ ಕಿತ್ನಾ ಟೈಮ್?" ಎಂದು ಕೂಗಿದ. ಬಾಗಿಲು ತೆರೆದಾಗ ಕುಂಕುಮ ಅಂಗೈಗೆ ಅಂಟಿತು. ಒಳಗೆ ಆರು ಸೆಲ್ಲು, ಆರರ ಮೇಲೂ ನಂಬರು, ಮೇಲಿನಿಂದ ಒಂದು, ಎರಡು, ಮೂರು. ಆರರ ಎಳೆಗಳಿಗೂ ಅವನದೇ ಅಕ್ಷರದ ಚೀಟಿ, ಒಂದೊಂದೂ ತನ್ನ ಸೆಲ್ಲಿನ ನಂಬರನ್ನೇ ಹೇಳುತ್ತಿತ್ತು. "ನೋಡು, ಎಲ್ಲಾ ಸರಿ ಐತಲ್ಲ!" ಎಂದರು ರವಿಶಂಕರ್, ಭುಜದ ಮೇಲಿನಿಂದ ಇಣುಕಿ. ಅಷ್ಟು ಸುಲಭವಾಗಿ ಬಾಗಿಲು ಮುಚ್ಚಬಹುದಿತ್ತು.

"ಚೀಟಿ ಆಮ್ಯಾಲೆ ಕಟ್ಟಿದ್ದು. ಅದನ್ನ ನಂಬಬ್ಯಾಡ್ರಿ" ಎಂದ. ಆಮೇಲೆ, ತಿರುಗದೆಯೇ, ಸ್ವಲ್ಪ ಗಟ್ಟಿಯಾಗಿ, "ಲಹರಿ ಅಮ್ಮಾರ, ಸ್ವಲ್ಪ ಬರ್ತೀರೇನು? ಆ ಕಡೆಯ ಕಪಾಟಿನ್ಯಾಗ ಕಂಟ್ರೋಲರ್‌ನಿಂದ ಸಿ ಒಂದರ ಎಳಿ ಬಿಚ್ಚಿ, ತುದಿಗೆ ಬ್ಯಾಟರಿ ಹಿಡೀರಿ. ಈ ಕಡೆ ಬೆಳಕು ಎಲ್ಲಿ ಬರತೈತಿ ನಾ ನೋಡ್ತೀನಿ."

ಅವಳು ಬಂದಳು. ಬ್ಯಾಟರಿ ತೆಗೆದುಕೊಳ್ಳುವಾಗ ಅವನ ಮುಖ ನೋಡಿದಳು, ಬೆಳಗಿನ ಪ್ರಶ್ನೆ ಈಗ ಅವಳಿಗೆ ಅರ್ಥವಾಗಿತ್ತು. ನಗುತ್ತಾಳೆಂದು ಕಾದ. ನಗಲಿಲ್ಲ. ಡ್ರೈವಿನ ಆಚೆ ತುದಿಗೆ, ಹನ್ನೆರಡು ಅಡಿ ದೂರದ ಇನ್ನೊಂದು ಬಾಗಿಲಿಗೆ ಹೋದಳು. ಮಧ್ಯದಲ್ಲಿ ಟ್ರಾನ್ಸ್‌ಫಾರ್ಮರಿನ ಕಪಾಟು, ಅವಳಿಗೆ ಇವನು ಕಾಣುವುದಿಲ್ಲ. ಬೂದೆಪ್ಪ ಆರೂ ಸೆಲ್ಲಿನ ಎಳೆಗಳನ್ನು ಬಿಚ್ಚಿ ತುದಿಗಳನ್ನು ತನ್ನ ಕಡೆಗೆ ತಿರುಗಿಸಿ, ಒಂದೊಂದನ್ನೂ ಅದರದರ ಸೆಲ್ಲಿನ ಎದುರಿಗೇ ಇಳಿಬಿಟ್ಟ. ಒಳಗೆ ತೂರಿ ಕೂತು, ಹೊರಗಿನ ಬೆಳಕು ಬೀಳದಂತೆ ಬಾಗಿಲನ್ನು ಬೆನ್ನಿಗೆ ಎಳೆದುಕೊಂಡ. ಅದು ಪೂರ್ತಿ ಮುಚ್ಚಿಕೊಳ್ಳದಂತೆ ಯಾರೋ ಅಂಚನ್ನು ಹಿಡಿದರು. ಅಂಚಿನ ಮೇಲೆ ಮೂರು ಬೆರಳು ಕಂಡವು.

ಕತ್ತಲೆಯಲ್ಲಿ ಹೊಸ ಬಣ್ಣದ ವಾಸನೆ, ತನ್ನದೇ ಉಸಿರು. ಕಣ್ಣನ್ನು ಮೇಲಿಟ್ಟ. ಮೇಲೆ ಬರಲಿ. ಒಂದು ಸಲ ಮೇಲೆ ಬರಲಿ, ಎಲ್ಲರೆದುರು ಮುದಿ ಹೆದರುಪುಕ್ಕಲ ಅನ್ನಿಸಿಕೊಳ್ಳುತ್ತೇನೆ, ಜೀವನಪೂರ್ತಿ ಆಡಿಕೊಳ್ಳಲಿ.

"ಹಿಡಿದಿದೀನಿ!" ಎಂದು ಲಹರಿ ಆ ಕಡೆಯಿಂದ ಕೂಗಿದಳು. "ಬಂತಾ?"

ಮೇಲೆ ಕತ್ತಲೆ ಹಾಗೇ ಇತ್ತು. ಅವನು ನೋಡುತ್ತಲೇ ಇದ್ದ. ಆಮೇಲೆ ಕೆಳಗೆ ನೋಡಿದ. ಬೂಟಿನ ಪಕ್ಕದಲ್ಲಿ, ಬೆಳಿಗ್ಗೆ ಬಿಗಿದ ಲೇಸಿನ ಹತ್ತಿರ, ಸಾಸಿವೆಯಷ್ಟು ಬೆಳಕು ಕೂತಿತ್ತು. ಚಿಕ್ಕದು, ಬೆಳ್ಳಗೆ, ಸ್ವಲ್ಪವೂ ಅಲುಗದೆ. ಅದನ್ನು ನೋಡಿದಾಗ ಅವನಿಗೆ ಎದೆ ಒಡೆಯಲಿಲ್ಲ. ತುಂಬ ದಿನದಿಂದ ಬರುತ್ತೇವೆಂದು ಹೇಳುತ್ತಿದ್ದ ನೆಂಟರು ಬಂದ ಹಾಗೆ ಅನಿಸಿತು. ಇದನ್ನು ಕಂಡವನು ತಾನೊಬ್ಬನೇ. ಬಂತು ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಆರು ಸಲ ಬಂತು ಬಂತು ಎಂದು, ಕತ್ತಲೆಯಲ್ಲೇ ಆರನ್ನೂ ಅವುಗಳ ಜಾಗಕ್ಕೆ ಸಿಕ್ಕಿಸಿ, ಕೈಗೆ ಇದೇನು ಹೊಸದೇ, ಹೊರಗೆ ಬಂದು, ಎಲ್ಲ ಸರಿ ಐತಿ, ವಯಸ್ಸಾತು ನೋಡ್ರಿ, ಎಂದರೆ ಡ್ರೈವೂ ಸರಿ, ಬಾಗಿಲು ತೆಗೆಯುವವನೂ ಸರಿ, ಬೂದೆಪ್ಪನೂ ಸರಿ. ಯಾರಿಗೂ ನಷ್ಟವಿಲ್ಲ. ಒಳಗಿನವನು ಆಗಲೇ ಗೋಡೆಗೆ ಗಡಿಯಾರ ತೂಗುಹಾಕಲು ಮೊಳೆ ಹುಡುಕುತ್ತಿದ್ದ.

"ಬೂದೆಪ್ಪನವರೇ, ಬಂತಾ?"

ಬಾಗಿಲ ಅಂಚಿನ ಮೂರು ಬೆರಳು ಸ್ವಲ್ಪ ಸರಿದವು; ಹಿಡಿತ ಬದಲಾಯಿಸಿಕೊಂಡಿರಬೇಕು.

"ಬಂತು ತಾಯಿ" ಎಂದ. ದನಿ ಕಪಾಟಿನೊಳಗೆ ತನ್ನದಲ್ಲವೆಂಬಂತೆ ಮೊಳಗಿತು. ಹೊರಗೆ ರವಿಶಂಕರ್ ನಿಟ್ಟುಸಿರು ಬಿಟ್ಟದ್ದು, "ಚಾಲೂ ಮಾಡ್ರಯ್ಯಾ ಕ್ರೇನು" ಎಂದದ್ದು ಕೇಳಿಸಿತು. ಬೂದೆಪ್ಪ ಬಾಗಿಲ ಸಂದಿನ ಕಡೆಗೆ ಮುಖ ತಿರುಗಿಸಿದ.

"ನನ್ನ ಕಾಲ ಹತ್ರ ಬಂತು. ಆರರಾಗ. ನಾ ಕೆಳಗಿನಿಂದ ಎಣಿಸೇನಿ ತಾಯಿ, ನೀವು ಬ್ಯಾಡ ಅಂದಿದ್ರಿ."

ಹೊರಗೆ ಕ್ರೇನಿನ ಸದ್ದು ನಿಂತಿತು. ಆ ಎಂಟು ಜನರ ನಗುವಿಗೆ ಅವನು ಕಿವಿಗೊಟ್ಟ. ಯಾರದೋ ಕೆಮ್ಮು, ಲಾರಿಯ ಬಾಗಿಲು ಬಡಿದ ಸದ್ದು, ರವಿಶಂಕರ್ ಫೋನಿನಲ್ಲಿ ತೆಲುಗಿನಲ್ಲಿ ಯಾರಿಗೋ ರೇಪು, ರೇಪು, ನಾಳೆ ಕಳಿಸುತ್ತೇವೆ ಎಂದು ಸಮಜಾಯಿಷಿ ಹೇಳುತ್ತ ದೂರ ಹೋಗುತ್ತಿದ್ದದ್ದು. ಇಷ್ಟೇ ಕೇಳಿಸಿತು.

"ಎರಡು ಹಿಡೀಲಾ?" ಎಂದಳು ಲಹರಿ.

"ಹಿಡೀರಿ."

ಬೂಟಿನ ಪಕ್ಕದ ಬೆಳಕು ಆರಿತು. ಕತ್ತಲೆಯಲ್ಲಿ ಅವನು, ಮಂಡಿ ಎಷ್ಟು ನೋಯುತ್ತಿದೆ ಎಂಬುದನ್ನು ಗಮನಿಸುತ್ತ, ಮುಂದಿನದು ಎಲ್ಲಿ ಹತ್ತಿಕೊಳ್ಳುತ್ತದೆಂದು ಗೊತ್ತಿದ್ದರೂ, ಆರನ್ನೂ ಒಂದೊಂದಾಗಿ ನೋಡುತ್ತ ಕಾದ.